‘ಚಂದ್ರಗಿರಿಯ ತೀರದಲ್ಲಿ’: ವಲಿಯ ಅಧಿಕಾರವೂ ನಾದಿರಾಳ ಸಮ್ಮತಿಯೂ

ಸಾರಾ ಅಬೂಬಕ್ಕರ್ ಅವರ (೧೯೩೬–೨೦೨೩) ‘ಚಂದ್ರಗಿರಿಯ ತೀರದಲ್ಲಿ’ ಎಂಬ ಕಾದಂಬರಿಯು ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಪ್ರಕಟವಾಗಿ ಅನಂತರ ಗ್ರಂಥರೂಪವನ್ನು ತಾಳಿತು. ಅಂದಿನಿಂದಲೂ ಪಾಠಶಾಲೆಗಳಲ್ಲಿ ಅದಕ್ಕೆ ಅಂಟಿಕೊಂಡು ಬಂದಿರುವ ಹೆಸರು ‘ತಲಾಖಿನ ಕಾದಂಬರಿ’ ಎಂಬುದು. ಒಂದೇ ಬಾರಿಗೆ ಮೂರು ತಲಾಖ್ ನುಡಿಯುವ ಪದ್ಧತಿಯನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ಅಸಿಂಧುವೆಂದು ನಿರ್ಣಯಿಸಿತು. ೨೦೧೯ರ ಶಾಸನವು ಅದನ್ನು ದಂಡಾರ್ಹವನ್ನಾಗಿಯೂ ಮಾಡಿತು. ಹಾಗಾದರೆ ಕಾದಂಬರಿಯ ಪ್ರಯೋಜನವು ತೀರಿತೆ? ಹೆಸರು ಸರಿಯಾಗಿದ್ದಲ್ಲಿ ತೀರಿತೆಂದೇ ಹೇಳಬೇಕಾಗುತ್ತದೆ. ಹೆಸರೇ ಸರಿಯಲ್ಲವೆಂಬುದು ಇಲ್ಲಿಯ ಪಕ್ಷ.

ಕಥೆಯನ್ನು ಸಂಕ್ಷೇಪವಾಗಿ ನೆನೆಯುವುದು ಅವಶ್ಯ. ಮಹಮ್ಮದ್ ಖಾನನು ತನ್ನ ಮಗಳಾದ ನಾದಿರಾಳನ್ನು ರಶೀದನಿಗೆ ಮದುವೆಮಾಡಿಕೊಡುತ್ತಾನೆ. ದಂಪತಿಗಳಲ್ಲಿ ಅನ್ಯೋನ್ಯವಿದೆ. ಮಾವನಿಗೆ ಹಣದ ಅಗತ್ಯ ಬೀಳುತ್ತದೆ, ಅಳಿಯನನ್ನು ಕೇಳುತ್ತಾನೆ, ದೊರೆಯುವುದಿಲ್ಲ. ಆ ಕ್ರೋಧದಿಂದ ಮಗಳನ್ನು ತವರಿನಲ್ಲಿಯೇ ನಿಲ್ಲಿಸಿಕೊಳ್ಳುತ್ತಾನೆ. ಅಳಿಯನಿಂದ ತಲಾಖ್ ದೊರಕಿಸುವವರೆಗೂ ಅವನ ಹಟವು ಶಮನವಾಗುವುದಿಲ್ಲ. ಮುಂದೆ ಇವರಿಬ್ಬರೂ ಮತ್ತೆ ಕೂಡಿ ಬಾಳಲು ಬಯಸಿದಾಗ, ನಾದಿರಾ ಪರಪುರುಷನೊಬ್ಬನನ್ನು ವರಿಸಿ, ಒಂದು ರಾತ್ರಿ ಅವನೊಡನಿದ್ದು, ಅವನಿಂದ ಬಿಡುಗಡೆ ಪಡೆದು ಬರಬೇಕೆಂಬ ನಿಯಮವು ಎದುರಾಗುತ್ತದೆ. ಆಕೆ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಹೆಂಡತಿಯನ್ನು ಪೀಡಿಸುವ ಗಂಡನು ಈ ಕಥೆಯಲ್ಲಿ ಇಲ್ಲವೇ ಇಲ್ಲ. ತಲಾಖ್ ರಶೀದನ ಬಾಯಿಂದ ಬಂದುದಾದರೂ ಅದರ ಸಂಕಲ್ಪವು ಮಾವನದು. ಇನ್ನು ಆ ಮಾವನು ಯಾವ ಅಧಿಕಾರದಿಂದ ಹೀಗೆ ನಡೆಯುತ್ತಾನೆಂಬುದನ್ನು ನೋಡಬೇಕು. ಕರಾವಳಿಯ ಮುಸಲ್ಮಾನರಲ್ಲಿ ಶಾಫಿ ಸಂಪ್ರದಾಯವು ಪ್ರಚಾರದಲ್ಲಿರುವುದು. ಅದರ ಪ್ರಕಾರ ಸ್ತ್ರೀಯ ವಿವಾಹಕ್ಕೆ ವಲಿ, ಅಂದರೆ ರಕ್ಷಕನಾದ ಪುರುಷನು, ಇರಲೇಬೇಕು; ಕನ್ಯೆಯಾದ ಮಗಳನ್ನು ತಂದೆಯು ಆಕೆಯ ಸಮ್ಮತಿಯನ್ನು ಕೇಳದೆಯೂ ಕೊಡಬಹುದು, ಕೇಳುವುದು ಉತ್ತಮವೆಂದು ಮಾತ್ರ ಹೇಳಿದೆ. ಹನಫಿಗಳಲ್ಲಿಯಾದರೋ ಪ್ರಾಪ್ತವಯಸ್ಕಳು ತಾನೇ ವಿವಾಹವನ್ನು ಏರ್ಪಡಿಸಿಕೊಳ್ಳಬಲ್ಲಳು. ಆದರೆ ಶಾಫಿ ಮತದಲ್ಲಿಯೂ ವಿವಾಹಾನಂತರ ತಂದೆಗೆ ಮಗಳ ಮೇಲೆ ಇಂಥ ಹಕ್ಕು ಉಳಿಯುವುದಿಲ್ಲ. ಆದುದರಿಂದ ಮಹಮ್ಮದ್ ಖಾನನು ಆಕೆಯನ್ನು ಹಿಡಿದಿಟ್ಟುದು ಶಾಸ್ತ್ರಬಲದಿಂದಲ್ಲ, ತಂದೆಯೆಂಬ ಗದರಿಕೆಯ ಬಲದಿಂದ. (ಮಗಳ ಮೂಲಕ ಧನವನ್ನು ಬಯಸುವ ತಂದೆಯು ಸಂತಾನವನ್ನು ಮಾರಿದಂತೆಯೇ ಎಂದು ಮನುಸ್ಮೃತಿಯ ಮೂರನೆಯ ಅಧ್ಯಾಯವೂ ಹೇಳುತ್ತದೆ, ಹೇಳಿದ ಮಾತ್ರಕ್ಕೆ ಅದರ ಅನುಯಾಯಿಗಳು ಕೇಳಿದರೆಂದಲ್ಲ.)

ಕುರಾನಿನ ಎರಡನೆಯ ಅಧ್ಯಾಯದ ೨೩೨ನೆಯ ವಾಕ್ಯವನ್ನು ಈ ಕಾದಂಬರಿಯ ಪಕ್ಕದಲ್ಲಿಟ್ಟು ನೋಡತಕ್ಕದ್ದು. ತಲಾಖ್ ಹೊಂದಿ ಅವಧಿ ತುಂಬಿದ ಸ್ತ್ರೀಯರು ತಮ್ಮ ಪತಿಗಳನ್ನು ಪರಸ್ಪರ ಒಪ್ಪಿಗೆಯಿಂದ ಮತ್ತೆ ವರಿಸುವುದಾದರೆ ಅವರನ್ನು ತಡೆಯಬಾರದೆಂಬುದು ಅದರ ತಾತ್ಪರ್ಯ. ಇದರ ನಿಮಿತ್ತವನ್ನು ಬುಖಾರಿಯವರ ಸಂಗ್ರಹವು ತಿಳಿಸುತ್ತದೆ. ಮಅಕಿಲ್ ಎಂಬುವನು ತನ್ನ ತಂಗಿಯನ್ನು ಒಬ್ಬನಿಗೆ ಕೊಟ್ಟಿದ್ದನು. ಅವನು ಬಿಟ್ಟು, ಅವಧಿ ಮುಗಿದ ಮೇಲೆ ಮತ್ತೆ ಕೇಳಲು ಬಂದನು. ತಂಗಿಗೆ ಮನಸ್ಸಿದ್ದರೂ ಅಣ್ಣನು ಅಭಿಮಾನಭಂಗದಿಂದ ಕೊಡೆನೆಂದನು. ಆಗ ಈ ವಾಕ್ಯವು ಬಂತು. ಅಣ್ಣನು ಒಪ್ಪಿ ಕೊಟ್ಟನು. ರಕ್ಷಕನ ರೋಷ, ದಂಪತಿಗಳ ಇಚ್ಛೆ, ಎರಡೂ ನಾದಿರಾಳ ಕಥೆಯವೇ. ಅಲ್ಲಿ ತಡೆದವನು ತಗ್ಗಿದನು. ಇಲ್ಲಿ ತಗ್ಗಿಸುವವರು ಯಾರೂ ಇಲ್ಲ.

ಇದೇ ವಾಕ್ಯದ ಮೇಲೆ ಪಂಡಿತರಲ್ಲಿ ನಡೆದ ವಾದವು ವೈಯಾಕರಣರಿಗೆ ರುಚಿಸುವಂಥದು. ತಡೆಯಬೇಡವೆಂದು ಹೇಳಬೇಕಾದರೆ ತಡೆಯುವ ಶಕ್ತಿಯು ವಲಿಗೆ ಇರಲೇಬೇಕಷ್ಟೆ, ಆದುದರಿಂದ ವಲಿಯು ಆವಶ್ಯಕನೆಂಬುದು ಸಿದ್ಧವಾಯಿತು ಎಂದು ಶಾಫಿಗಳು. ವರಿಸುವ ಕ್ರಿಯೆಗೆ ಕರ್ತೃಪದವು ಸ್ತ್ರೀಯರೇ ಆಗಿರುವುದರಿಂದ ವಿವಾಹದ ಕರ್ತೃತ್ವವು ಅವರದೇ ಎಂದು ಹನಫಿಗಳು. ನಿಷೇಧಿಸಲ್ಪಟ್ಟವನಿಗೇ ನಿಷೇಧವಾಕ್ಯದಿಂದ ಅಧಿಕಾರವನ್ನು ಸಾಧಿಸುವುದು ಚತುರವಾದ ತರ್ಕವಾದರೂ, ವಾಕ್ಯದ ಭಾರವು ಬಿದ್ದಿರುವುದು ಸ್ತ್ರೀಯ ಇಚ್ಛೆಯ ಮೇಲೆ ಎಂಬುದನ್ನು ಮರೆಸುತ್ತದೆ. ವಲಿಯು ಅನ್ಯಾಯವಾಗಿ ತಡೆದಲ್ಲಿ ಖಾಜಿಯೇ ಅವನ ಸ್ಥಾನದಲ್ಲಿ ನಿಂತು ವಿವಾಹ ಮಾಡಿಸಬಹುದೆಂದು ಶಾಫಿಗಳೂ ಒಪ್ಪಿದ್ದಾರೆ.

ಮಧ್ಯಂತರ ವಿವಾಹದ ನಿಯಮಕ್ಕೆ ಆಧಾರವು ಅದೇ ಅಧ್ಯಾಯದ ೨೩೦ನೆಯ ವಾಕ್ಯ. ಮೂರನೆಯ ಸಲ ಬಿಟ್ಟವಳು, ಇನ್ನೊಬ್ಬ ಪತಿಯನ್ನು ವರಿಸಿ ಅವನೂ ಬಿಟ್ಟ ಹೊರತು, ಮೊದಲಿನವನಿಗೆ ಸಲ್ಲಳು ಎಂದಿದೆ. ಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ನಿಷೇಧವೇ ಹೊರತು ವಿಧಿಯಲ್ಲ. ಹೆಂಡತಿಯನ್ನು ಬಿಡುತ್ತ ಕೂಡುತ್ತ ಆಟವಾಡುವ ಗಂಡಸಿಗೆ ಹಾಕಿದ ಎಲ್ಲೆ ಇದು. ಎರಡನೆಯ ವಿವಾಹವನ್ನು ಮಾಡಬೇಕೆಂದು ವಾಕ್ಯವು ಹೇಳುವುದಿಲ್ಲ. ಸಹಜವಾಗಿ ಅದು ನಡೆದು ಮುರಿದುಹೋದ ಪಕ್ಷದಲ್ಲಿ ನಿಷೇಧವು ನಿವೃತ್ತವಾಗುವುದೆಂದಷ್ಟೇ ಹೇಳುತ್ತದೆ. ಮೊದಲಿನವನಿಗೆ ಸಲ್ಲಿಸಲೆಂದೇ ಮಾಡುವ ವಿವಾಹವನ್ನು ಮಾಡುವವನೂ ಮಾಡಿಸಿಕೊಳ್ಳುವವನೂ ಶಾಪಗ್ರಸ್ತರೆಂದು ಹದೀಸಿನ ಸಂಗ್ರಹಗಳಲ್ಲಿದೆ. ಹಳ್ಳಿಯ ವ್ಯವಹಾರದಲ್ಲಿ ನಿಷೇಧವು ವಿಧಿಯಾಗಿ, ವಿಧಿಯು ಒಂದು ರಾತ್ರಿಯ ಏರ್ಪಾಡಾಗಿ, ಗಂಡಸಿನ ಚಾಪಲ್ಯಕ್ಕೆ ಹೇಳಿದ ದಂಡವು ಹೆಂಗಸಿನ ದೇಹದ ಮೇಲೆ ಬಿತ್ತು. ಲೇಖಕಿಯ ಬಲವು ಇದನ್ನು ವಾದಿಸಿದುದರಲ್ಲಿ ಇಲ್ಲ, ಘಟನೆಯಾಗಿ ತೋರಿಸಿದುದರಲ್ಲಿದೆ.

ದೋಷಗಳನ್ನೂ ಹೇಳಬೇಕು. ರಶೀದನು ಒಳ್ಳೆಯವನೆಂಬುದಕ್ಕಿಂತ ಹೆಚ್ಚಾಗಿ ರೂಪುಗೊಳ್ಳುವುದಿಲ್ಲ. ತಲಾಖ್ ನುಡಿದವನ ಮನಸ್ಸಿನಲ್ಲಿ ನಡೆದುದೇನೆಂಬುದು ಕಥೆಯ ಹೃದಯಸ್ಥಾನವಾಗಬಹುದಾಗಿತ್ತು. ಲೇಖನಿಯು ಅಲ್ಲಿ ಬೇಗನೆ ದಾಟಿಹೋಗಿದೆ. ಆಚಾರಗಳನ್ನು ಅನ್ಯಮತೀಯ ವಾಚಕರಿಗೆ ವಿವರಿಸಬೇಕೆಂಬ ಅವಸರವು ಕೆಲವೆಡೆ ಪಾತ್ರಗಳ ಮಾತನ್ನು ಉಪನ್ಯಾಸವಾಗಿಸಿದೆ. ವಾರಪತ್ರಿಕೆಯ ವಾಚಕರಲ್ಲಿ ಬಹುಮಂದಿಗೆ ಈ ಲೋಕವು ಹೊಸದೆಂಬುದರಿಂದ ಇದನ್ನು ಕ್ಷಮಿಸಬಹುದು. ರಶೀದನ ವಿಷಯದಲ್ಲಿ ಆ ಸಮಾಧಾನವೂ ಇಲ್ಲ.

ಕೊಳದ ಪ್ರಸಂಗವಾದರೋ ಬೇರೆ ತರಗತಿಗೆ ಸೇರಿದುದು. ಸ್ತ್ರೀಯರು ಮಸೀದಿಗೆ ಹೋಗುವುದನ್ನು ತಡೆಯಬೇಡಿರೆಂಬ ಪ್ರವಾದಿಯವರ ವಚನವು ಪ್ರಸಿದ್ಧವಾಗಿದ್ದರೂ, ಆ ಸೀಮೆಯ ಸಾಂಪ್ರದಾಯಿಕ ಮಸೀದಿಗಳಲ್ಲಿ ಅವರಿಗೆ ಪ್ರವೇಶವಿಲ್ಲದಿರುವುದೇ ವಾಡಿಕೆ. ನಮಾಜಿಗೆ ಮುನ್ನ ಕೈಕಾಲು ಮುಖಗಳನ್ನು ತೊಳೆದು ಗಂಡಸರು ಶುದ್ಧರಾಗುವ ನೀರು ಅದು. ನಾದಿರಾಳನ್ನು ತಂದೆಯು ಕೊಟ್ಟನು, ತಂದೆಯೇ ತಡೆದನು, ಗಂಡನು ಬಿಟ್ಟನು, ಶಾಸ್ತ್ರಜ್ಞರು ಮೂರನೆಯವನನ್ನು ತೋರಿಸಿದರು. ಈ ಕ್ರಿಯೆಗಳಲ್ಲೆಲ್ಲ ಆಕೆ ಕರ್ಮಪದವಾಗಿಯೇ ಇದ್ದಳು. ಆ ಕೊಳಕ್ಕೆ ಮಾತ್ರ ಯಾರ ಒಪ್ಪಿಗೆಯನ್ನೂ ಕೇಳದೆ ತಾನಾಗಿ ಇಳಿದಳು.