ಮೆತ್ತಗಿದ್ದರೆ ಸಾಲದು

ಕಳೆದ ತಿಂಗಳು ಭಾವ ಫೋನ್ ಮಾಡಿ, "ಲೋ, ಕಾರಿಗೊಂದು ಒಳ್ಳೇ ಸಸ್ಪೆನ್ಷನ್ ಕಿಟ್ ಹಾಕಿಸ್ಬೇಕು, ಯಾವ ಕಂಪನೀದು ಚೆನ್ನಾಗಿದೆ ಹೇಳು" ಅಂದರು. ಎಂಟು ವರ್ಷದ ಹ್ಯಾಚ್‌ಬ್ಯಾಕ್, 92,000 ಕಿಲೋಮೀಟರ್ ಓಡಿದೆ. ದಿನಾ ರಾಜಾಜಿನಗರದಿಂದ ವೈಟ್‌ಫೀಲ್ಡಿಗೆ ಹೋಗಿ ಬರುತ್ತದೆ, ವರ್ಷಕ್ಕೆರಡು ಸಲ ಶಿರಾಡಿ ಘಾಟಿ ಇಳಿದು ಧರ್ಮಸ್ಥಳ ನೋಡುತ್ತದೆ. ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಭಾವ, ಅಂದೆ. "ಅಮ್ಮ ಇನ್ಮೇಲೆ ಈ ಕಾರು ಹತ್ತಲ್ಲ ಅಂತಿದ್ದಾರೆ ಕಣೋ."

ಕಾರು ವಿಮರ್ಶೆ ಬರೆಯುವ ನಾವೆಲ್ಲ ಸ್ಟಿಯರಿಂಗ್ ಹಿಂದೆ ಕೂತು ಬರೆಯುವವರು. ಡ್ರೈವರಿಗೆ ಗುಂಡಿ ಮೊದಲೇ ಕಾಣುತ್ತದೆ, ಹಿಡಿದುಕೊಳ್ಳಲು ಸ್ಟಿಯರಿಂಗ್ ಇದೆ, ಮೈ ತಾನಾಗಿಯೇ ಸಿದ್ಧವಾಗುತ್ತದೆ. ಹಿಂದಿನ ಸೀಟಿನಲ್ಲಿ, ಹೆಚ್ಚುಕಡಿಮೆ ಚಕ್ರದ ನೆತ್ತಿಯ ಮೇಲೆ ಕೂತ ಎಪ್ಪತ್ತು ದಾಟಿದ ಹೆಂಗಸಿಗೆ ಇದ್ಯಾವುದೂ ಇಲ್ಲ. ಸಸ್ಪೆನ್ಷನ್ ವಿಚಾರದಲ್ಲಿ ತೀರ್ಪು ಕೊಡಬೇಕಾದವರು ಅವರೇ. ಹಾಗಾಗಿ ಕಿಟ್ಟಿನ ಮಾತು ಬದಿಗಿಟ್ಟು, ಭಾನುವಾರ ಬೆಳಿಗ್ಗೆ ಅತ್ತೆಯ ಪಕ್ಕ ಹಿಂದೆ ಕೂತು ಒಂದು ರೌಂಡ್ ಹೋಗಿ ಬಂದೆ.

ಅವರ ಬೀದಿಯಲ್ಲೇ ಮೂರು ಹಂಪ್‌ಗಳಿವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಲ್ಲಿ ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಮೆಲುವಾದ ಉಬ್ಬು. ಗಂಟೆಗೆ 25 ಕಿಲೋಮೀಟರಿನಲ್ಲಿ ಹೋದರೆ ತೊಂದರೆಯಾಗಬಾರದು. ನಮ್ಮ ಬೀದಿಗಳಲ್ಲಿ ಆ ಎತ್ತರವನ್ನು ಒಂದು ಮೊಳದೊಳಗೆ ಮುಗಿಸಿಬಿಟ್ಟಿರುತ್ತಾರೆ. ಮುಂಚಕ್ರ ಹತ್ತಿಳಿಯಿತು, ಹಿಂಚಕ್ರ ಹತ್ತಿಳಿಯಿತು. ಹಂಪ್ ಹಿಂದೆ ಉಳಿದ ಮೇಲೂ ಕಾರು ಇನ್ನೊಮ್ಮೆ ಎದ್ದಿತು, ಕೂತಿತು, ಮತ್ತೆ ಅರ್ಧ ಎದ್ದಿತು. ಅತ್ತೆ ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿ, ಇನ್ನೊಂದರಲ್ಲಿ ಹೂವಿನ ಡಬ್ಬಿ ಹಿಡಿದು ಏನೂ ಮಾತಾಡಲಿಲ್ಲ. ಮುಂದೆ ಪೈಪ್‌ಲೈನಿಗೆ ಅಗೆದು ಮುಚ್ಚಿದ ಜಾಗ ಬಂತು. ಅಲ್ಲಿ ತೂಗಾಟ ಇಲ್ಲ, ಬರೀ ಗಡಗಡ. ಎಡಗಡೆಯಿಂದ ‘ಕಟಕ್’ ಎಂಬ ಸದ್ದು ಬೇರೆ.

ದೊಡ್ಡ ಉಬ್ಬಿನ ಮೇಲೆ ತೊಟ್ಟಿಲು, ಸಣ್ಣ ಕಲ್ಲಿನ ಮೇಲೆ ಕಟ್ಟಿಗೆ ಗಾಡಿ. ಇವೆರಡನ್ನೂ ಸೇರಿಸಿ ಜನ "ಸಸ್ಪೆನ್ಷನ್ ಗಟ್ಟಿಯಾಗಿದೆ" ಅನ್ನುತ್ತಾರೆ. ನಿಜದಲ್ಲಿ ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ಸ್ಪ್ರಿಂಗ್ ಪೆಟ್ಟನ್ನು ಕರಗಿಸುವುದಿಲ್ಲ. ಒತ್ತಿದಷ್ಟನ್ನೂ ಇಟ್ಟುಕೊಂಡು ಮರುಕ್ಷಣ ವಾಪಸು ಕೊಡುತ್ತದೆ. ಕರಗಿಸುವುದು ಶಾಕ್ ಅಬ್ಸಾರ್ಬರ್, ಗ್ಯಾರೇಜಿನ ಬಾಯಲ್ಲಿ ಬರೀ ‘ಶಾಕ್ಸ್’. ಒಳಗೆ ಎಣ್ಣೆ, ಒಂದು ಪಿಸ್ಟನ್, ಅದರಲ್ಲಿ ಸಣ್ಣ ಕಿಂಡಿಗಳು. ಎಣ್ಣೆ ಆ ಕಿಂಡಿಗಳಲ್ಲಿ ತಿಣುಕಿ ನುಸುಳುವಾಗ ಕುಣಿತವೆಲ್ಲ ಶಾಖವಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಒಂದು ಗಂಟೆ ಓಡಿಸಿ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಶಾಕ್ಸ್ ಸತ್ತಿದ್ದರೆ ಕಾರು ಮೊದಲು ‘ಮೆತ್ತಗೆ’ ಆದಂತೆ ಅನಿಸುತ್ತದೆ. ಎಷ್ಟೋ ಜನ ಅದನ್ನು ಸುಖವೆಂದೇ ಭಾವಿಸಿ ವರ್ಷಗಟ್ಟಲೆ ಓಡಿಸುತ್ತಾರೆ.

ಮನುಷ್ಯನ ಮೈಗೆ ಒಗ್ಗುವ ತೂಗಾಟ ಬಹಳ ಕಿರಿದಾದ ಓಣಿ. ಮನೆಬಳಕೆಯ ಕಾರಿನ ಮೈ ತನ್ನ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ 1ರಿಂದ 1.5 ಸಲ ಏರಿಳಿಯುವಂತೆ ಎಂಜಿನಿಯರುಗಳು ಲೆಕ್ಕ ಹಾಕಿರುತ್ತಾರೆ. ನಾವು ನಿಧಾನವಾಗಿ ನಡೆಯುವಾಗ ಮೈ ಏರಿಳಿಯುವ ಗತಿಗೆ ಇದು ಹತ್ತಿರ, ಹಾಗಾಗಿ ಒಗ್ಗುತ್ತದೆ. ಎರಡು ಸೆಕೆಂಡಿಗೆ ಒಂದಕ್ಕಿಂತ ನಿಧಾನವಾದರೆ ದೋಣಿಯ ಹಾಗಾಗಿ ಹೊಟ್ಟೆ ತೊಳಸುತ್ತದೆ. ಸೆಕೆಂಡಿಗೆ 4ರಿಂದ 8 ಸಲದ ಅದುರಾಟವಾದರೆ ನಡುವಿಗೂ ಹೊಟ್ಟೆಗೂ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಮೆತ್ತಗಿದ್ದಷ್ಟೂ ಒಳ್ಳೆಯದು ಎನ್ನುವುದು ಹಾಸಿಗೆ ಕೊಳ್ಳುವವರ ತಪ್ಪು, ಕಾರಿನವರದೂ ಅದೇ. ನನ್ನ ಪರೀಕ್ಷೆ ಒಂದೇ: ಗುಂಡಿ ದಾಟಿದ ಮೇಲೆ ಕಾರು ಎಷ್ಟು ಬೇಗ ಸುಮ್ಮನಾಗುತ್ತದೆ? ಒಂದು ಸಲ ಎದ್ದು ಕೂತು ಸುಮ್ಮನಾದರೆ ಅದು ಒಳ್ಳೆಯ ಸಸ್ಪೆನ್ಷನ್.

ಸೋಮವಾರ ಗ್ಯಾರೇಜಿನಲ್ಲಿ ಕಾರು ಲಿಫ್ಟಿಗೇರಿತು. ಮೆಕ್ಯಾನಿಕ್ ಟಾರ್ಚು ಹಿಡಿದು ಕರೆದರು, "ಇಲ್ಲಿ ಬನ್ನಿ ಸಾರ್, ಇದು ನೋಡಿ." ಮುಂದಿನ ಎರಡೂ ಸ್ಟ್ರಟ್‌ಗಳ, ಅಂದರೆ ಸ್ಪ್ರಿಂಗ್ ಹೊತ್ತ ಶಾಕ್ಸಿನ, ಮೈಗೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಧೂಳುಗವಸು ಹರಿದು ಕೆಳಗೆ ಜಾರಿತ್ತು. ಅದರೊಳಗಿನ ಬಂಪ್ ಸ್ಟಾಪ್, ಅಂದರೆ ಸ್ಪ್ರಿಂಗ್ ಪೂರ್ತಿ ಕುಸಿದಾಗ ಲೋಹಕ್ಕೆ ಲೋಹ ಬಡಿಯದಂತೆ ಇಟ್ಟ ರಬ್ಬರ್ ಗುಬುಟು, ಕೈಯಲ್ಲಿ ಒತ್ತಿದರೆ ಹಳೇ ಬ್ರೆಡ್ಡಿನಂತೆ ಪುಡಿಪುಡಿಯಾಯಿತು. ಚಕ್ರವನ್ನು ಗಾಡಿಯ ಮೈಗೆ ಕಟ್ಟುವ ಲೋವರ್ ಆರ್ಮಿನ ಬುಶ್ಶಿನಲ್ಲಿ ಬೆರಳು ತೂರುವಷ್ಟು ಬಿರುಕು. ಆ ‘ಕಟಕ್’ ಮಾತ್ರ ಎಡಗಡೆಯ ಲಿಂಕ್ ರಾಡಿನದು, ಅಂದರೆ ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸರಳಿನ ಕೊಂಡಿಯದು. ಈ ಇಡೀ ರಾಮಾಯಣದಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಅದೇ. ಬಾನೆಟ್ ಮೇಲೆ ಕೈಯೂರಿ ಒತ್ತಿ ಬಿಟ್ಟು ನೋಡುವ ಹಳೇ ಪರೀಕ್ಷೆಯನ್ನು ನಂಬಿ ಕೂತಿದ್ದರೆ ಇದರಲ್ಲಿ ಅರ್ಧ ಸಿಗುತ್ತಿರಲಿಲ್ಲ. ಪೂರ್ತಿ ಸತ್ತ ಶಾಕ್ಸ್ ಮಾತ್ರ ಆ ಪರೀಕ್ಷೆಗೆ ಸಿಕ್ಕಿಬೀಳುತ್ತದೆ, ಅರೆಜೀವದ್ದು ಪಾಸಾಗಿಬಿಡುತ್ತದೆ.

ಗಡಗಡದ ಕಾರಣ ಮಾತ್ರ ಲಿಫ್ಟು ಹತ್ತುವ ಮೊದಲೇ ಕಣ್ಣಿಗೆ ಬಿದ್ದಿತ್ತು. ಕಾರ್ಖಾನೆಯಿಂದ ಬರುವಾಗ ಈ ಕಾರಿಗೆ 185/65 ಆರ್ 15 ಟೈರು. ಎರಡು ವರ್ಷದ ಹಿಂದೆ ಭಾವ 16 ಇಂಚಿನ ಅಲಾಯ್, 195/55 ಟೈರು ಹಾಕಿಸಿದ್ದಾರೆ. ಯಾಕೆ ಅಂದರೆ, "ಲುಕ್ಕಿಗೆ." ಲೆಕ್ಕ ಹಾಕಿ: 185ರಲ್ಲಿ ನೂರಕ್ಕೆ 65 ಎಂದರೆ ಟೈರಿನ ಪಕ್ಕೆಯ ಎತ್ತರ 120 ಮಿಲಿಮೀಟರ್. 195ರಲ್ಲಿ ನೂರಕ್ಕೆ 55 ಎಂದರೆ 107. ಚಕ್ರದ ಹೊರಸುತ್ತು ಬದಲಾಗಲಿಲ್ಲ, ಆದರೆ ರಿಮ್ಮಿಗೂ ರಸ್ತೆಗೂ ನಡುವಿದ್ದ ಗಾಳಿಯ ದಿಂಬಿನಲ್ಲಿ 13 ಮಿಲಿಮೀಟರ್ ಹೋಯಿತು. ಸಣ್ಣ ಕಲ್ಲು, ಟಾರಿನ ಅಂಚು, ರಸ್ತೆಯ ಮೇಲೆ ಬಿದ್ದ ಕೇಬಲ್ಲು, ಇವನ್ನೆಲ್ಲ ಮೊದಲು ನುಂಗುವುದು ಟೈರಿನ ಪಕ್ಕೆ. ಶಾಕ್ಸಿಗೆ ಸುದ್ದಿ ಮುಟ್ಟುವುದು ಆಮೇಲೆ. ಸಾಲದ್ದಕ್ಕೆ ಬಂಕಿನ ಹುಡುಗ 38 ಗಾಳಿ ಹಾಕಿದ್ದ. ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಇರುವುದು 32. ಗಾಳಿ ಜಾಸ್ತಿಯಿದ್ದರೆ ಮೈಲೇಜು ಬರುತ್ತದೆಂದು ಯಾರೋ ಹೇಳಿದ್ದರಂತೆ.

ಆ ಹೊತ್ತಿಗೆ ನನಗೆ ಉತ್ತರ ಸಿಕ್ಕಿತ್ತು. ಮೊದಲು ಗಾಳಿ ಮತ್ತು ಟೈರು, ಆಮೇಲೆ ಬುಶ್ಶು ಮತ್ತು ಶಾಕ್ಸನ್ನು ಗಾಡಿಗೆ ಕೂರಿಸುವ ಮೌಂಟು, ಆಮೇಲೆ ಶಾಕ್ಸು. ಸ್ಪ್ರಿಂಗ್ ಮುಟ್ಟುವ ಮಾತೇ ಇಲ್ಲ. ದುಡ್ಡು ಎಷ್ಟಿದ್ದರೂ ಈ ಸಾಲು ದಾಟಬಾರದು. ಬಿರಿದ ಬುಶ್ಶಿನ ಮೇಲೆ ದುಬಾರಿ ಶಾಕ್ಸ್ ಕೂರಿಸುವುದು ಸೋರುವ ಸೂರಿನ ಕೆಳಗೆ ತೇಗದ ಮಂಚ ಹಾಕಿದ ಹಾಗೆ.

ಶಾಕ್ಸ್ ಯಾವುದು? ಇಲ್ಲಿ ಅಪ್‌ಗ್ರೇಡ್ ಎಂಬ ಪದವೇ ದಾರಿ ತಪ್ಪಿಸುತ್ತದೆ. ಹೆಸರಾಂತ ದುಬಾರಿ ಶಾಕ್ಸ್ ಬಹಳಷ್ಟು ಮಾನೋಟ್ಯೂಬ್ ಜಾತಿಯವು: ಒಂದೇ ಕೊಳವೆ, ಒಳಗೆ 20ರಿಂದ 30 ಬಾರ್ ಒತ್ತಡದ ಗ್ಯಾಸು. ಬಿಸಿ ತಡೆಯುವುದರಲ್ಲಿ, ವೇಗದಲ್ಲಿ ಹಿಡಿತ ಕೊಡುವುದರಲ್ಲಿ ಅವನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ಅಷ್ಟು ಒತ್ತಡವನ್ನು ತಡೆಯುವ ಸೀಲು ಪಿಸ್ಟನ್ನಿನ ಕಡ್ಡಿಯನ್ನು ಬಿಗಿಯಾಗಿ ಅಪ್ಪಿಕೊಂಡಿರುವುದರಿಂದ ಸಣ್ಣ ಏರಿಳಿತಕ್ಕೆ ಅವು ಬೇಗ ಮಣಿಯುವುದಿಲ್ಲ. ಅತ್ತೆಗೆ ಬೇಕಿರುವುದು ಆ ಸಣ್ಣ ಏರಿಳಿತದಲ್ಲಿ ಮಣಿಯುವ ಗುಣ. ದಿನದ ಓಡಾಟಕ್ಕೆ ಕಡಿಮೆ ಒತ್ತಡದ ಗ್ಯಾಸಿನ ಟ್ವಿನ್ ಟ್ಯೂಬ್ ಶಾಕ್ಸೇ ಲಾಯಕ್ಕು: ಕಾರು ಕಂಪನಿಯ ಒರಿಜಿನಲ್, ಇಲ್ಲವೇ ಗೇಬ್ರಿಯಲ್, ಮನ್ರೋ, ಕೆವೈಬಿಯಂಥವರ, ಅದೇ ಮಾದರಿಗೆಂದೇ ಮಾಡಿದ್ದು. ಒಂದು ಮೆಟ್ಟಿಲು ಮೇಲೆ ಹೋಗಲೇಬೇಕೆಂದರೆ ನೆದರ್ಲೆಂಡ್ಸಿನ ಕೋನಿಯವರ ಒಂದು ಬಗೆಯಿದೆ. ಚಕ್ರ ಸರಸರನೆ ಅದುರುವಾಗ ಹೆಚ್ಚುವರಿ ದಾರಿ ತೆರೆದು ಸಡಿಲವಾಗುತ್ತದೆ, ಮೈ ನಿಧಾನವಾಗಿ ತೂಗುವಾಗ ದಾರಿ ಮುಚ್ಚಿ ಬಿಗಿಯಾಗುತ್ತದೆ. ಆ ಬಗೆ ಎಲ್ಲ ಗಾಡಿಗೂ ಸಿಗುವುದಿಲ್ಲ, ಅಗ್ಗವೂ ಅಲ್ಲ. ನಿಮ್ಮ ಗಾಡಿಗೆ ಇದ್ದು ಜೇಬು ಒಪ್ಪಿದರೆ ಎರಡನೇ ಯೋಚನೆ ಬೇಡ.

ಏನೇ ಹಾಕಿಸಿ, ಜೋಡಿಯಾಗಿ ಹಾಕಿಸಿ. ಹಳೇ ಬಂಪ್ ಸ್ಟಾಪನ್ನು ತೆಗೆದು ಹೊಸ ಶಾಕ್ಸಿಗೆ ಸಿಕ್ಕಿಸುವ ಉಳಿತಾಯ ಬೇಡ. ಪಯಣದ ಸುಖ ಅರ್ಧ ನಿರ್ಧಾರವಾಗುವುದು ಸ್ಪ್ರಿಂಗ್ ಕುಸಿಯುವ ಆ ಕೊನೆಯ ಒಂದಿಂಚಿನಲ್ಲಿ. 2021ರಲ್ಲಿ ನಮ್ಮಲ್ಲಿಗೆ ಬಂದ ಸಿಟ್ರೊಎನ್ ಸಿ5 ಏರ್‌ಕ್ರಾಸ್ ಆ ಒಂದಿಂಚಿಗಾಗಿಯೇ ಶಾಕ್ಸಿನ ಎರಡೂ ತುದಿಗೆ ಎಣ್ಣೆಯ ಮೆತ್ತೆ ಇಟ್ಟುಕೊಂಡಿತ್ತು. ಉತ್ತ ಹೊಲದಲ್ಲಿ ಮೊಟ್ಟೆಯ ಬುಟ್ಟಿ ಒಯ್ದರೂ ಒಡೆಯಬಾರದೆಂಬ ಷರತ್ತಿನ ಮೇಲೆ 2ಸಿವಿ ಮಾಡಿ, 1948ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ಕಂಪನಿಯಲ್ಲವೇ ಅದು.

ಸ್ಪ್ರಿಂಗ್ ಯಾಕೆ ಮುಟ್ಟಬಾರದು ಎನ್ನುವುದಕ್ಕೆ ಒಂದು ಹಳೇ ಕಥೆ ಇದೆ. ರೋಲ್ಸ್ ರಾಯ್ಸ್ ಬಿಟ್ಟು 1930ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಸೇರಿದ ಬ್ರಿಟಿಷ್ ಎಂಜಿನಿಯರ್ ಮಾರಿಸ್ ಆಲಿ, ತೂಕವನ್ನೂ ಸ್ಪ್ರಿಂಗನ್ನೂ ಬೇಕಾದ ಹಾಗೆ ಬದಲಾಯಿಸಬಹುದಾದ ಒಂದು ವಿಚಿತ್ರ ಗಾಡಿ ಕಟ್ಟಿಸಿದರು. ಅದರಲ್ಲಿ ಓಡಾಡಿ ಕಂಡುಕೊಂಡದ್ದು ಇಷ್ಟು: ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ತುಸು ಮೆತ್ತಗಿರಬೇಕು. ಉಬ್ಬು ಮೊದಲು ತಾಗುವುದು ಮುಂಚಕ್ರಕ್ಕೆ, ಹಿಂಚಕ್ರಕ್ಕೆ ಸ್ವಲ್ಪ ತಡವಾಗಿ. ಹಿಂಭಾಗ ತುಸು ಚುರುಕಾಗಿ ತೂಗಿದರೆ ಮುಂಭಾಗವನ್ನು ಹಿಡಿದುಬಿಡುತ್ತದೆ, ಇಡೀ ಕಾರು ಮಟ್ಟವಾಗಿ ಏರಿಳಿಯುತ್ತದೆ. ಇಲ್ಲದಿದ್ದರೆ ಮೂತಿ ಮೇಲೆ, ಬಾಲ ಕೆಳಗೆ, ಕೂತವರ ತಲೆ ಕೋಲೆಬಸವನ ಹಾಗೆ ಆಡುತ್ತದೆ. ಕಾರ್ಖಾನೆಯವರು ಕಷ್ಟಪಟ್ಟು ಕೂರಿಸಿದ ಈ ತಾಳಮೇಳವನ್ನು ನಾವು ಅಂದಕ್ಕೆಂದು ಗಾಡಿ ತಗ್ಗಿಸುವ ಸ್ಪ್ರಿಂಗ್ ಹಾಕಿಸಿ ಕೆಡಿಸುತ್ತೇವೆ. ಗಾಡಿ ತಗ್ಗಿದಷ್ಟೂ ಚಕ್ರ ಏರಿಳಿಯಲು ಜಾಗ ಕಡಿಮೆ, ಅದಕ್ಕೆ ಸ್ಪ್ರಿಂಗ್ ಗಟ್ಟಿ ಮಾಡಲೇಬೇಕು. ಗಟ್ಟಿಯಾದದ್ದು ಸುಖ ಕೊಡುವುದು ಹೇಗೆ? ತಿರುಪಿ ಎತ್ತರ ಹೊಂದಿಸುವ ಕಾಯಿಲೋವರಿನದೂ ಇದೇ ಹಣೆಬರಹ. ರೇಸ್ ಟ್ರ್ಯಾಕಿಗೆ ಹುಟ್ಟಿದ್ದನ್ನು ಮಳೆಗಾಲದ ಕೆಸರಿಗೆ ತಂದರೆ ಆ ತಿರುಪು ಮಣ್ಣು ಹಿಡಿದು ಕೂತಲ್ಲೇ ಕೂರುತ್ತದೆ.

ಕಾನೂನೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ಸವೆದ ಶಾಕ್ಸ್ ಬದಲು ಅದೇ ಅಳತೆಯ ಹೊಸದು ಹಾಕಿದರೆ ಯಾರ ತಕರಾರೂ ಇಲ್ಲ. ಗಾಡಿಯ ಎತ್ತರವನ್ನೇ ಬದಲಿಸಿದರೆ ಆರ್‌ಟಿಒಗೂ ವಿಮೆಯವರಿಗೂ ಉತ್ತರ ಕೊಡುವ ಕಷ್ಟ ನಿಮ್ಮದು.

ಇನ್ನು ಸ್ಪ್ರಿಂಗಿನ ಸುತ್ತುಗಳ ನಡುವೆ ತೂರಿಸುವ ರಬ್ಬರ್ ಬಫರ್. ಅಂಗಡಿಯವರು "ಸಾರ್, ಸೋಫಾ ಥರ ಆಗುತ್ತೆ" ಅನ್ನುತ್ತಾರೆ. ಅದು ಮಾಡುವುದು ಒಂದೆರಡು ಸುತ್ತುಗಳ ಕೈಕಟ್ಟುವ ಕೆಲಸ. ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಗಾಡಿ ತುಸು ಎತ್ತರವಾದಂತೆ ಕಾಣುತ್ತದೆ, ಶಾಕ್ಸಿನ ಮೇಲೆ ಹೊರೆ ಬೀಳುತ್ತದೆ. ನಾನೂ ಒಮ್ಮೆ ಹಾಕಿಸಿ, ಎರಡು ವಾರಕ್ಕೆ ಚಾಕು ಹಾಕಿ ಕುಯ್ದು ತೆಗೆಸಿದ್ದೇನೆ.

ಕೊನೆಗೆ ಗ್ಯಾರೇಜಿನಲ್ಲಿ ನಿಂತು ನೋಡಲೇಬೇಕಾದ ಒಂದು ಕೆಲಸ. ಲೋವರ್ ಆರ್ಮ್ ಬುಶ್ ಒಳಗೂ ಹೊರಗೂ ಲೋಹಕ್ಕೆ ಅಂಟಿಸಿದ ರಬ್ಬರು, ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿ ಲಿಫ್ಟಿನ ಮೇಲಿದ್ದು ಚಕ್ರ ನೇತಾಡುವಾಗಲೇ ಅದರ ಬೋಲ್ಟು ಬಿಗಿದರೆ, ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರು ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಸವಾರಿ ಬಿರುಸಾಗುತ್ತದೆ, ಬುಶ್ಶೂ ಬೇಗ ಹರಿಯುತ್ತದೆ. ಬೋಲ್ಟನ್ನು ಕೈಬಿಗಿ ಮಾಡಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಪೂರ್ತಿ ಬಿಗಿಯಬೇಕು. ನಮ್ಮ ಮೆಕ್ಯಾನಿಕ್ಕಿಗೆ ಇದು ಗೊತ್ತಿತ್ತು; ಆದರೂ ಊಟದ ಹೊತ್ತು, ಹುಡುಗ ಲಿಫ್ಟಿನ ಮೇಲೇ ಸ್ಪ್ಯಾನರ್ ಹಾಕಿದ್ದ. "ಏಯ್, ಇಳ್ಸೋ ಮೊದ್ಲು" ಎಂದು ಅವರು ಕೂಗಿದ ಮೇಲೆ ಸರಿಹೋಯಿತು. ಅಲೈನ್‌ಮೆಂಟ್ ಮುಗಿಸಿ, ಹಳೇ 15 ಇಂಚಿನ ಚಕ್ರಗಳಿಗೆ ಹೊಸ ಟೈರು ಹಾಕಿಸಿ, ಗಾಳಿ 32ಕ್ಕೆ ಇಟ್ಟು ಹೊರಟೆವು.

ಹೋದ ವಾರ ಅದೇ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೋಗಿಬಂದರು. ಅತ್ತೆ ಬೆಳ್ಳೂರು ಕ್ರಾಸಿನಲ್ಲಿ ಕಾಫಿಗೆಂದು ಎಬ್ಬಿಸಿದಾಗ ರೇಗಿದರಂತೆ. ಆ 16 ಇಂಚಿನ ನಾಲ್ಕು ಅಲಾಯ್ ಈಗ ಭಾವನ ಮನೆಯ ಸಜ್ಜೆಯ ಮೇಲಿವೆ. ನಿನ್ನ ಅಂಕಣದಲ್ಲಿ ಬರೆದರೆ ಯಾರಾದರೂ ಕೊಂಡಾರು ಎಂದು ಕೇಳುತ್ತಿದ್ದಾರೆ. ಇಲ್ಲಿಯವರೆಗೆ ಓದಿದ ನೀವು ಕೊಳ್ಳಬೇಡಿ.