ಎರಡು ಲಾವಣಿ

ನಮ್ಮ ಕಡೆ ಲಾವಣಿ ಅಂದ್ರ ಎರಡು. ಒಂದು ಡಪ್ಪು ಬಾರಿಸಿ ಹಾಡೋದು. ಇನ್ನೊಂದು, ಮಂದಿ ಹೊಲ ಹಿಡಿದು ಉಳೋದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ನಮ್ಮ ವಿದ್ವಾಂಸರು ಮೊದಲನೆಯದನ್ನು ಸಂಗ್ರಹಿಸಿದರು, ಮುನ್ನುಡಿ ಬರೆದರು, ಡಾಕ್ಟರ್ ಆದರು. ಎರಡನೆಯದನ್ನು ಕಾರಕೂನರಿಗೆ ಬಿಟ್ಟರು. ಸಂಗೊಳ್ಳಿ ರಾಯಣ್ಣನ ಪಡೆ 1830ರಲ್ಲಿ ಬೀಡಿಯ ಕಚೇರಿ ಸುಟ್ಟದ್ದನ್ನು ಹಾಡಿ ಕುಣಿಯುವ ನಾವು, ಕಚೇರಿಯ ಮೇಲೆ ಅಂಥ ಸಿಟ್ಟು ಯಾಕೆ ಅಂತ ಕೇಳಲಿಲ್ಲ. ವಿಮರ್ಶೆ ಕಚೇರಿಯ ಕಾಗದವನ್ನೂ ಓದಬೇಕು.

ಓದೋಣ. 1948ರ ಮುಂಬಯಿ ಗೇಣಿ ಕಾಯ್ದೆ, 25ನೇ ಕಲಮು. ಗೇಣಿ ಬಾಕಿ ಬಿತ್ತೆಂದು ಒಡೆಯ ಹೊಲ ಬಿಡಿಸಲು ಬಂದರೆ, ಮಾಮಲೇದಾರ ಮೊದಲು ರೈತನಿಗೆ ಮುದತು ಕೊಡಬೇಕು. ಬಾಕಿಯನ್ನೂ ದಾವೆಯ ಖರ್ಚನ್ನೂ ಕಟ್ಟಿದರೆ ಲಾವಣಿ ಮುರಿಯದು. ಒಳ್ಳೆಯ ಮಾತೇ. ಆದರೆ ಮೂರು ವರ್ಷ ತಪ್ಪಿದವನಿಗೆ, ಒಡೆಯ ಪ್ರತಿ ಸಲ ತಿಳಿವಳಿಕೆ ಕೊಟ್ಟಿದ್ದರೆ, ಈ ಆಸರೆ ಇಲ್ಲ. ಮಳೆ ಕೈಕೊಟ್ಟರೆ ಜೋಳದ ಹೊಲ ಮೂರು ವರ್ಷ ಬರಿದಾಗಲು ಎಷ್ಟು ಹೊತ್ತು? ಗೇಣಿಗೆ ಪಾವತಿ ಕೊಡಬೇಕೆಂದೂ ಕಾಯ್ದೆ ಹೇಳಿತ್ತು. ಧಣಿಯ ಪಡಸಾಲೆಯ ಮೆಟ್ಟಿಲು ಹತ್ತಲಾಗದ ಕೇರಿಯವನು ಪಾವತಿ ಹೆಂಗ ಕೇಳ್ಯಾನು?

ಒಡೆಯನಿಗೆ ದಾವೆಯೂ ಬೇಕಾಗಿರಲಿಲ್ಲ. ರಾಜೀನಾಮೆ ಸಾಕಾಗಿತ್ತು. ಮುಂಬಯಿ ಪ್ರಾಂತದಲ್ಲಿ ರೈತರು 'ತಾವಾಗಿಯೇ' ಹೊಲ ಬಿಟ್ಟುಕೊಟ್ಟ ಕಥೆಯನ್ನು ದಾಂಡೇಕರ್ ಮತ್ತು ಖುದಾನ್‌ಪುರ್ 1957ರ ತಮ್ಮ ಅಧ್ಯಯನದಲ್ಲಿ ಬಯಲಿಗಿಟ್ಟರು. ಕವಿತೆಯಲ್ಲಿ 'ನಾನು' ಯಾರು ಅಂತ ಪುಟಗಟ್ಟಲೆ ಚರ್ಚಿಸುವವರೇ, ರಾಜೀನಾಮೆಯ 'ನಾನು' ಯಾರು ಹೇಳಿ. ಬರೆದವನು ಒಬ್ಬ, ಬರೆಸಿದವನು ಇನ್ನೊಬ್ಬ, ಹೆಬ್ಬಟ್ಟು ಮಾತ್ರ ನಮ್ಮಪ್ಪಂದು.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಕಾಯ್ದೆ ಗೇಣಿ ಹೊಲವನ್ನೆಲ್ಲ ಸರಕಾರಕ್ಕೆ ಸೇರಿಸಿತು. ನಮೂನೆ 7 ತುಂಬಲು 1979ರ ಜೂನ್ 30 ಕಡೆಯ ದಿನ. ಹಲವರಿಗೆ ಹೊಲ ಸಿಕ್ಕಿತು, ಸಿಕ್ಕಿಲ್ಲ ಅಂದರೆ ಸುಳ್ಳಾದೀತು. ಆದರೆ 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯನ್ನು ಕಾಯ್ದೆಯ ಪಕ್ಕ ಇಟ್ಟು ನೋಡಿ. ಅಲ್ಲಿ 'ಸ್ವಂತ ಸಾಗುವಳಿ' ಅಂದರೆ ಕೂಲಿಯವರಿಂದ ಉಳಿಸಿ ತಾನು ಮೇಲೆ ನಿಂತು ನೋಡುವುದೂ ಸೇರಿದೆ. ಹಾಗಾದರೆ ನೇಗಿಲು ಹಿಡಿದ ಮಾದರ ಆಳು ಉಳುವವನಲ್ಲ. ಕಳೆ ತೆಗೆದ ಅವನ ಹೆಂಡತಿ ಘೋಷಣೆಯ ವ್ಯಾಕರಣದಲ್ಲೂ ಇಲ್ಲ. 2020ರ ತಿದ್ದುಪಡಿ 79ಎ, 79ಬಿ ಕಲಮು ಕಿತ್ತುಹಾಕಿ, ಮಣ್ಣು ಮುಟ್ಟದವನಿಗೂ ಖರೀದಿಯ ಬಾಗಿಲು ತೆರೆಯಿತು.

ಲಾವಣಿ ನಿಂತಿದೆಯೇ? ಕಾಗದದಲ್ಲಿ ನಿಂತಿದೆ, ಬಾಯಿಮಾತಿನಲ್ಲಿ ನಡೆದಿದೆ. ಕರಾರಿಲ್ಲ, ಪಾವತಿಯಿಲ್ಲ, ಉತಾರದಲ್ಲಿ ಹೆಸರಿಲ್ಲ. ಬಾಕಿ ಬಿದ್ದರೆ ಮಾಮಲೇದಾರನ ಮುದತೂ ಇಲ್ಲ. 'ಬರೋ ವರ್ಷ ಬರಬ್ಯಾಡ' ಅಂದ್ರ ಮುಗೀತು. ನಿಷೇಧಿಸಿದ್ದನ್ನು ಇಲ್ಲವೆಂದು ನಂಬಿದ ಕಾಯ್ದೆಗೆ ಇವನನ್ನು ಕಾಯಲು ಬಾರದು.

ಗೆಳೆಯರೇ, ಆ ಮಾತು ಕೇಳಿಸಿಕೊಂಡವನ ಲಾವಣಿ ಇನ್ನೂ ಯಾರೂ ಬರಕೊಂಡಿಲ್ಲ. ಡಪ್ಪು ಹಿಡಿದು ಅವನ ಕೇರಿಗೆ ಹೋಗೋಣ. ಸಂಗಡ ಒಂದು ಪಾವತಿ ಪುಸ್ತಕವೂ ಇರಲಿ.