ಕಾಲಿನ ಮೇಲಿನ ಕಣ್ಣು

ಜೀವವಿಜ್ಞಾನಿ ವಾಲ್ಟರ್ ಗೆರಿಂಗ್ ಮತ್ತು ಸಂಗಡಿಗರು 1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದ ಚಿತ್ರಗಳನ್ನು ಒಮ್ಮೆ ನೋಡಿದವರು ಮರೆಯಲಾರರು. ಹಣ್ಣಿನ ನೊಣದ ಕಾಲು, ರೆಕ್ಕೆ, ಕುಡಿಮೀಸೆಗಳ ಮೇಲೆ ಕಣ್ಣು! ‘ಐಲೆಸ್’ ಎಂಬ ಜೀನನ್ನು ಅದರದ್ದಲ್ಲದ ಜಾಗದಲ್ಲಿ ಚಾಲೂ ಮಾಡಿದ್ದರ ಫಲ ಅದು. ಅದರ ಸೋದರ ಜೀನಾದ ಇಲಿಯ ಪ್ಯಾಕ್ಸ್6 ಕೂಡ ಅದೇ ಕೆಲಸ ಮಾಡಿತು. ಅಂದಿನಿಂದ ಪ್ಯಾಕ್ಸ್6ಗೆ ಕಣ್ಣಿನ ‘ಒಡೆಯ ಜೀನ್’ ಎಂಬ ಪಟ್ಟ. ಪ್ರಯೋಗ ಅದ್ಭುತ, ಪಟ್ಟ ಮಾತ್ರ ಸಲ್ಲದು.

ಪ್ರಬಂಧದ ಸಾರಾಂಶವನ್ನೇ ನಿಧಾನವಾಗಿ ಓದಿ. ಜೀನನ್ನು ಚಾಲೂ ಮಾಡಿದ್ದು ಮರಿಹುಳುವಿನ ಡಿಸ್ಕ್‌ಗಳಲ್ಲಿ, ಅಂದರೆ ಮುಂದೆ ಕಾಲೋ ರೆಕ್ಕೆಯೋ ಆಗಲಿರುವ, ಇನ್ನೂ ಹದವಾಗಿರುವ ಕೋಶಗಳ ಪುಟ್ಟ ಚೀಲಗಳಲ್ಲಿ. ಬೆಳೆದ ನೊಣದ ಕಾಲಿನಲ್ಲಲ್ಲ. ಆ ಡಿಸ್ಕ್‌ಗಳಲ್ಲೂ ಕಣ್ಣು ಮೂಡುವುದು ಡಿಪಿಪಿ ಪ್ರೋಟೀನಿನಂಥ ಸಂಕೇತಗಳು ಮೊದಲೇ ಹರಿಯುತ್ತಿರುವ ಕಡೆ ಮಾತ್ರ ಎಂದು ಆಮೇಲೆ ತಿಳಿಯಿತು. ಇನ್ನೊಂದು ಮಾತು: ಇಲಿಯ ಜೀನ್ ಮೂಡಿಸಿದ್ದು ನೊಣದ ಸಂಯುಕ್ತ ಕಣ್ಣನ್ನು, ಇಲಿಯ ಕಣ್ಣನ್ನಲ್ಲ. ಹೇಗೆ ಕಟ್ಟಬೇಕೆಂಬ ತಿಳಿವಳಿಕೆ ನೊಣದ ಕೋಶಗಳದ್ದೇ. 1997ರ ಹೊತ್ತಿಗೆ, ಐಲೆಸ್‌ನ ಅಧೀನ ಎನಿಸಿಕೊಂಡಿದ್ದ ಡ್ಯಾಕ್ಸ್‌ಹುಂಡ್, ಐಸ್ ಆಬ್ಸೆಂಟ್ ಜೀನ್‌ಗಳೂ ಅಸ್ಥಾನದಲ್ಲಿ ಕಣ್ಣು ಮೂಡಿಸಿದವು. ಅಷ್ಟೇ ಅಲ್ಲ, ಐಲೆಸನ್ನೇ ಎಬ್ಬಿಸಿದವು. ಆಳು ಕೂಗಿದರೆ ಒಡೆಯ ಎದ್ದು ಬರುವ ಮನೆಯಲ್ಲಿ ಒಡೆತನ ಯಾರದು?

‘ಒಡೆಯ’ ಎನ್ನುವುದು ಬರೀ ರೂಪಕ, ಅದಕ್ಕೇಕೆ ಇಷ್ಟು ಜಗಳ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾವ ಪ್ರಶ್ನೆ ಕೇಳಬೇಕೆಂಬುದನ್ನು ರೂಪಕವೇ ತೀರ್ಮಾನಿಸುತ್ತದೆ. ಈ ರೂಪಕದ ಗದ್ದಲದಲ್ಲೇ 2001ರ ಒಂದು ಕೆಲಸಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ. ಮಾರ್ಕ್ವಾರ್ಟ್, ಪೀಟರ್ ಗ್ರುಸ್ ಮತ್ತಿತರರು ಬೆಳೆಯುತ್ತಿರುವ ಇಲಿಯ ಅಕ್ಷಿಪಟಲದ ಅಂಚಿನಲ್ಲಿ ಮಾತ್ರ ಪ್ಯಾಕ್ಸ್6 ತೆಗೆದರು. ಒಡೆಯನಿಲ್ಲದೆ ನರಕೋಶ ಹುಟ್ಟುವುದೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಗ್ಯಾಂಗ್ಲಿಯಾನ್, ಕೋನ್, ರಾಡ್, ಬೈಪೋಲಾರ್ ಎಂದು ಹಲವು ಬಗೆಯಾಗಬಲ್ಲ ಮೂಲಕೋಶಗಳು ಒಂದೇ ಬಗೆಗೆ, ಅಮಾಕ್ರೈನ್ ಕೋಶಗಳಿಗೆ, ಸೀಮಿತವಾದವು. ಪ್ಯಾಕ್ಸ್6 ಅಪ್ಪಣೆ ಕೊಡುವುದಿಲ್ಲ, ಹಲವು ಬಾಗಿಲುಗಳನ್ನು ತೆರೆದಿಡುತ್ತದೆ. ನನಗೆ ಇದು ಕಾಲಿನ ಮೇಲಿನ ಕಣ್ಣಿಗಿಂತ ದೊಡ್ಡ ಸಂಗತಿ.

ಆದರೂ ಒಡೆಯನ ಹುಡುಕಾಟ ನಿಂತಿಲ್ಲ. ಗ್ಲಾಕೋಮಾದಲ್ಲಿ ಸಾಯುವ ಗ್ಯಾಂಗ್ಲಿಯಾನ್ ಕೋಶಗಳು ಹುಟ್ಟಲು ಅಟೋ7 ಜೀನ್ ಬೇಕೇ ಬೇಕು ಎಂದು ಎರಡು ದಶಕ ನಂಬಿದೆವು. 2021ರಲ್ಲಿ ಸಂಶೋಧಕರು ಅಟೋ7 ಇಲ್ಲದ ಇಲಿಗಳಲ್ಲಿ, ಕೋಶಗಳ ಸಾವಿಗೆ ಬೇಕಾದ ಬ್ಯಾಕ್ಸ್ ಜೀನನ್ನೂ ತೆಗೆದು ನೋಡಿದರು. ಗ್ಯಾಂಗ್ಲಿಯಾನ್ ಕೋಶಗಳು ತಡವಾಗಿ, ತುಸು ಕಡಿಮೆಯಾಗಿ ಹುಟ್ಟಿದವು, ಮಾಗಿದವು, ವಿದ್ಯುತ್ ಸಂಕೇತವನ್ನೂ ಕೊಟ್ಟವು. ಅವುಗಳ ನರತಂತುಗಳು ಮಾತ್ರ ಕಣ್ಣಿನೊಳಗೇ ದಾರಿ ತಪ್ಪಿ ಅಲೆಯುತ್ತಿದ್ದವು.